ಚೆಕ್ ಪೋಸ್ಟ್‌ಡೇಟ್ ಮಾಡುವುದು ಅಂದರೆ ತಾರೀಖು ಆಮೇಲೆ ಹಾಕುವುದಾ? ಕೊಟ್ಟರೆ ತೊಂದರೆ ಇಲ್ವಾ?

ಅಲ್ಲ, ಮಾರಾಯ್ರೇ! ನಾನೂ ಹಾಗೇ ತಿಳಿದು ಕೆಟ್ಟಿದ್ದೆ.

ಅಂಗಡಿಗೆ ಸಾಲದ ಮೇಲೆ ಸಾಮಾನು ತಂದಿದ್ದೆ. ಕೊಟ್ಟವರು ಒಂದು ಪೋಸ್ಟ್‌ಡೇಟೆಡ್ ಚೆಕ್ ಕೇಳಿದರು. ಮೊತ್ತ ಬರೆದೆ, ಸಹಿ ಹಾಕಿದೆ, ತಾರೀಖಿನ ಎಂಟು ಚೌಕ ಖಾಲಿ ಬಿಟ್ಟೆ. ದುಡ್ಡು ಬಂದ ಮೇಲೆ ಫೋನ್ ಮಾಡ್ತೀನಿ, ಆಗ ತಾರೀಖು ಬರ್ಕೊಳ್ಳಿ ಅಂದೆ. ಹೂಂ ಅಂದರು. ನಾನು ಫೋನ್ ಮಾಡುವ ಮೊದಲೇ ಚೆಕ್ ಬೌನ್ಸ್ ಆಗಿ ಲಾಯರ್ ನೋಟಿಸ್ ಬಂತು. ಜೊತೆಗಿದ್ದ ಜೆರಾಕ್ಸಿನಲ್ಲಿ ನನ್ನ ಅಕ್ಷರ ಎಂದಿನಂತೆ ಬಲಕ್ಕೆ ವಾಲಿತ್ತು. ತಾರೀಖಿನ ಅಂಕಿಗಳು ಮಾತ್ರ ನೆಟ್ಟಗೆ ನಿಂತಿದ್ದವು.

ತಾರೀಖು ನಾನು ಬರೆದಿಲ್ಲ ಅಂತ ವಕೀಲರ ಮುಂದೆ ಕೂಗಾಡಿದೆ. ಸಹಿ ಹಾಕಿ ಖಾಲಿ ಬಿಟ್ಟರೆ ತುಂಬಿಕೊಳ್ಳಿ ಅಂತ ನೀವೇ ಒಪ್ಪಿಗೆ ಕೊಟ್ಟ ಲೆಕ್ಕ ಅಂದರು. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 20ನೇ ಸೆಕ್ಷನ್ ಅದನ್ನೇ ಹೇಳುತ್ತದೆ. 138ನೇ ಸೆಕ್ಷನ್ ಇನ್ನೂ ಖಾರ: ನೋಟಿಸ್ ಕೈಸೇರಿದ 15 ದಿನದೊಳಗೆ ದುಡ್ಡು ಕೊಡದಿದ್ದರೆ ಕೇಸು, ಎರಡು ವರ್ಷದವರೆಗೆ ಜೈಲು ಅಥವಾ ಚೆಕ್ ಮೊತ್ತದ ಎರಡರಷ್ಟರವರೆಗೆ ದಂಡ, ಇಲ್ಲವೇ ಎರಡೂ. ಅವಧಿಯೊಳಗೆ ಕೈಸಾಲ ಮಾಡಿ ತೀರಿಸಿದೆ.

ಪೋಸ್ಟ್‌ಡೇಟ್ ಮಾಡುವುದು ಅಂದರೆ ಇವತ್ತೇ ಕೂತು, ಮುಂದೆ ಬರುವ ತಾರೀಖನ್ನು ನೀವೇ ಬರೆಯುವುದು. ಅದಕ್ಕೆ ಮುಂಚೆ ಚೆಕ್ ಹಾಕಿದರೆ ಬ್ಯಾಂಕ್ ವಾಪಸ್ ಕಳಿಸಬೇಕು. ಕಳೆದುಹೋದ ತಾರೀಖು ಹಾಕಿದರೆ ಬ್ಯಾಕ್‌ಡೇಟ್. ಇತಿಹಾಸದವರು ಪೋಸ್ಟ್‌ಡೇಟ್ ಅನ್ನುವ ಪದವನ್ನು 'ಆಮೇಲಿನ ಕಾಲದ್ದು' ಅನ್ನುವುದಕ್ಕೂ ಬಳಸುತ್ತಾರೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಹಲ್ಮಿಡಿ ಶಾಸನವನ್ನು ಪೋಸ್ಟ್‌ಡೇಟ್ ಮಾಡುತ್ತದೆ ಅಂದರೆ ಅದಕ್ಕಿಂತ ಈಚಿನದು ಅಂತ ಅಷ್ಟೇ, ಯಾರೂ ತಾರೀಖು ತಿದ್ದಿಲ್ಲ!

ತೊಂದರೆ ಇಲ್ವಾ ಅಂತ ಕೇಳಿದ್ದೀರಿ. ಆ ದಿನಕ್ಕೆ ದುಡ್ಡು ಖಂಡಿತ ಇರುತ್ತೆ ಅನ್ನುವ ಹಾಗಿದ್ದರೆ ಮಾತ್ರ ಇಲ್ಲ. ಬಂದರೂ ಬರಬಹುದು ಅನ್ನುವ ಸ್ಥಿತಿಯಲ್ಲಿದ್ದರೆ ಕೊಡಲೇಬೇಡಿ, ನಿಷ್ಠುರ ಆದರೂ ಪರವಾಗಿಲ್ಲ. ಆಮೇಲೆ ಆ ಚೆಕ್ಕಿಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಹೇಳಿ ಸ್ಟಾಪ್ ಪೇಮೆಂಟ್ ಮಾಡಿಸಿದರಾಯ್ತು ಅಂತ ಹೇಳುವವರೂ ಸಿಗ್ತಾರೆ, ನಂಬಬೇಡಿ. ಅದಕ್ಕೂ 138ರ ಕೇಸ್ ಬೀಳಬಹುದು.

ಕೊಡುವುದೇ ಆದರೆ ಎಂಟೂ ಚೌಕ ನಿಮ್ಮ ಕೈಯಿಂದಲೇ ತುಂಬಿ, ಫೋಟೋ ತೆಗೆದಿಟ್ಟುಕೊಳ್ಳಿ. ಚೆಕ್ ಮೇಲಿನ ತಾರೀಖಿನಿಂದ ಮೂರು ತಿಂಗಳವರೆಗೂ ಅವರು ಅದನ್ನು ಬ್ಯಾಂಕಿಗೆ ಹಾಕಬಹುದು. ಅಲ್ಲಿಯವರೆಗೂ ಖಾತೆ ಬರಿದು ಮಾಡಬೇಡಿ.