ಕತ್ತಿನಿಂದ ಕಣ್ಣಿಗೇರುವ ತಲೆನೋವು: ಮೈಗ್ರೇನಾ?

ದಿನವಿಡೀ ಲ್ಯಾಪ್‌ಟಾಪ್ ಕೆಲಸ, ಮಧ್ಯಾಹ್ನದ ಹೊತ್ತಿಗೆ ಬಲಗಡೆ ಹಿಂದಲೆಯಿಂದ ಎದ್ದ ನೋವು ಕಣ್ಣಿನ ಮೇಲಕ್ಕೆ ಬರುತ್ತೆ, ಕತ್ತು ತಿರುಗಿಸಿದರೆ ಜಾಸ್ತಿ, ಇದು ಮೈಗ್ರೇನಾ ಅಂತ ಕೇಳಿದ್ದೀರಿ. ಯಾವಾಗಲೂ ಅದೇ ಬದಿ, ಕತ್ತು ಆಡಿಸಿದರೆ ಹೆಚ್ಚು ಅಂದರೆ ಕತ್ತಿನಿಂದಲೇ ಹುಟ್ಟುವ ನೋವಿರಬಹುದು. ಕತ್ತಿನ ಮೇಲಿನ 3 ನರಗಳೂ ಮುಖದ ಟ್ರೈಜೆಮಿನಲ್ ನರವೂ ಒಳಗೆ ಒಂದೇ ಕಡೆ ಕೂಡುತ್ತವೆ. ಅದಕ್ಕೇ ಕತ್ತಿನ ತೊಂದರೆ ಕಣ್ಣಿನ ಬಳಿ ನೋಯುತ್ತೆ. ಖಚಿತವಾಗಲು ಡಾಕ್ಟರಿಗೋ ಫಿಸಿಯೋಗೋ ಒಮ್ಮೆ ತೋರಿಸಿ.

ಸ್ಕ್ರೀನಿನ ಮೇಲಂಚನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಕೀಬೋರ್ಡ್ ಬೇರೆ ಇಟ್ಟುಕೊಳ್ಳಿ. ಅಂಗಾತ ಮಲಗಿ, ಮಡಚಿದ ಟವೆಲ್ ತಲೆಯಡಿ ಇಟ್ಟು, 'ಹೂಂ' ಅನ್ನುವಾಗ ಆಡುವಷ್ಟೇ ಮೆಲ್ಲಗೆ ಗದ್ದ ಒಳಗೆಳೆದು 10 ಸೆಕೆಂಡ್ ಹಿಡಿಯಿರಿ. 10 ಸಲ, ದಿನಕ್ಕೆ 2 ಹೊತ್ತು, 6 ವಾರ. ಹೆಚ್ಚಿನವರು ತಪ್ಪುವುದು ಇಲ್ಲೇ: ಜೋರಾಗಿ ಒತ್ತಿದರೆ ಕತ್ತಿನ ಮುಂದಿನ ದಪ್ಪ ಸ್ನಾಯುವೇ ಬಿಗಿದು, ದುಡಿಯಬೇಕಾದ ಒಳಸ್ನಾಯು ಸುಮ್ಮನಿರುತ್ತೆ. ಆ ದಪ್ಪ ಸ್ನಾಯುವಿನ ಮೇಲೆ ಬೆರಳಿಟ್ಟು ನೋಡಿ, ಮೆತ್ತಗೇ ಇರಬೇಕು.

ಸಲೂನಿನಲ್ಲಿ ಕತ್ತಿನ ಲಟಿಕೆ ತೆಗೆಸಲೇಬೇಡಿ. ರಕ್ತನಾಳ ಸೀಳಿ ಪಾರ್ಶ್ವವಾಯು ಆದೀತು. ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಸಿಡಿಲು ಬಡಿದಂತೆ ದಿಢೀರ್ ನೋವು, ಜ್ವರದೊಂದಿಗೆ ಕತ್ತು ಸೆಟೆಯುವುದು, ಮಾತು ತೊದಲುವುದು ಕಂಡರೆ ವ್ಯಾಯಾಮ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ.