ತಾಯಿಯ ತಟ್ಟೆ, ರತ್ನಹಳ್ಳಿಯ ಬೇಲಿ

ಪಾಂಡವಪುರ ತಾಲ್ಲೂಕಿನ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೋರಿದ್ದಾರೆ. ಸಾರಾಂಶ ಇಷ್ಟು: ಥೈರಾಯ್ಡ್ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಅವರ ತಾಯಿಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ವಿಕಿರಣಶೀಲ ಅಯೋಡಿನ್ ಕೊಟ್ಟು, ಕೆಲವು ದಿನ ಒಂಟಿ ಕೋಣೆಯಲ್ಲಿ ಇರಿಸಿ ಮನೆಗೆ ಕಳುಹಿಸಿದರು. ಅದಾಗಿ ಎರಡು ತಿಂಗಳು ಕಳೆದಿದೆ. ಇಂದಿಗೂ ಆಕೆಯ ತಟ್ಟೆ, ಲೋಟ ಬೇರೆ. ಮೊಮ್ಮಗನನ್ನು ಮುಟ್ಟುವಂತಿಲ್ಲ. ಬೀದಿಯವರು ‘ಬಾಂಬಿನ ಔಷಧಿ ಕುಡಿದವಳು’ ಎನ್ನುತ್ತಾರೆ. ಇಂತಹ ಹೊತ್ತಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರವನ್ನು ಮೆಚ್ಚಿದ ನಮ್ಮ ಕಳೆದ ಸಂಚಿಕೆಯ ಲೇಖನ ಅವರನ್ನು ಕೆರಳಿಸಿದೆ. ‘ಹಿರೋಷಿಮಾವನ್ನು ಸುಟ್ಟದ್ದೂ, ರತ್ನಹಳ್ಳಿಯ ಬೇಲಿಯ ಹಿಂದಿರುವುದೂ, ನನ್ನ ತಾಯಿಗೆ ಕೊಟ್ಟದ್ದೂ ಒಂದೇ ತಾನೆ? ಒಂದನ್ನು ಹೊಗಳಿ ಇನ್ನೊಂದರ ಬಗ್ಗೆ ಏಕೆ ಸುಮ್ಮನಿರುತ್ತೀರಿ?’ ಎಂದು ಕೇಳಿದ್ದಾರೆ. ರತ್ನಹಳ್ಳಿ ಎಂದರೆ ಮೈಸೂರಿನ ಸಮೀಪ, ಇಲವಾಲದ ಬಳಿ ಇರುವ ಯುರೇನಿಯಂ ಸೋಸುವ ಸ್ಥಾವರ. ದೇವರಿಗೆ ವಜ್ರಕಿರೀಟ ತೊಡಿಸುವ ವೈರಮುಡಿ ಉತ್ಸವಕ್ಕೆ ತಾಯಿಯನ್ನು ಮೇಲುಕೋಟೆಗೆ ಕರೆದೊಯ್ಯಬಹುದೇ ಎಂಬುದು ಪತ್ರದ ಕೊನೆಯ ಸಾಲು.

ಮಾನ್ಯರೇ,

ಮೊದಲು ತಟ್ಟೆಯ ಮಾತು, ಏಕೆಂದರೆ ಅದು ಇಂದು ರಾತ್ರಿಯ ಊಟದ ಹೊತ್ತಿಗೇ ಸರಿಹೋಗಬೇಕಾದದ್ದು. ದೇಹದಲ್ಲಿ ಅಯೋಡಿನ್‌ಗಾಗಿ ಹಸಿದು ಕೂತಿರುವ ಅಂಗವೆಂದರೆ ಥೈರಾಯ್ಡ್ ಗ್ರಂಥಿ. ಶಸ್ತ್ರಚಿಕಿತ್ಸೆಯ ನಂತರವೂ ಉಳಿದುಕೊಂಡ ಅದರ ಕೋಶಗಳು ಎಲ್ಲೇ ಅಡಗಿದ್ದರೂ ರಕ್ತದಲ್ಲಿ ಹರಿದು ಬಂದ ಅಯೋಡಿನ್ ಅನ್ನು ಹೀರಿಕೊಳ್ಳುತ್ತವೆ. ಅಯೋಡಿನ್-131 ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರ್‌ಗಿಂತ ಆಚೆ ಹೋಗುವುದಿಲ್ಲ. ಹೀರಿಕೊಂಡ ಕೋಶವನ್ನು, ಅದರ ಅಕ್ಕಪಕ್ಕವನ್ನು ಸುಟ್ಟು ಅಲ್ಲಿಯೇ ನಿಲ್ಲುತ್ತವೆ. ಜೊತೆಯಲ್ಲಿ ಹೊಮ್ಮುವ ಗಾಮಾ ಕಿರಣ ಮಾತ್ರ ದೇಹದಿಂದ ಹೊರಕ್ಕೆ ಬರುತ್ತದೆ. ತಾಯಿಯವರನ್ನು ಒಂಟಿ ಕೋಣೆಯಲ್ಲಿ ಇರಿಸಿದ್ದು ಅದಕ್ಕಾಗಿ. ಮನೆಗೆ ಬಂದ ಮೇಲೂ ಕೆಲವು ದಿನ ಮಕ್ಕಳಿಂದ, ಗರ್ಭಿಣಿಯರಿಂದ ದೂರವಿರಿ ಎಂದು ಹೇಳಿದ್ದೂ ಅದಕ್ಕಾಗಿಯೇ.

ಆದರೆ ‘ಕೆಲವು ದಿನ’ ಎಂಬ ಮಾತು ನಿಮ್ಮ ಮನೆಯಲ್ಲಿ ‘ಎಂದೆಂದಿಗೂ’ ಎಂದಾಗಿಬಿಟ್ಟಿದೆ. ಕೋಶಗಳು ಹಿಡಿದುಕೊಳ್ಳದ ಅಯೋಡಿನ್‌ನ ಬಹುಪಾಲು ಮೊದಲ ಎರಡು ಮೂರು ದಿನಗಳಲ್ಲಿಯೇ ಮೂತ್ರದಲ್ಲಿ ಹೊರಟುಹೋಗುತ್ತದೆ. ಉಳಿದದ್ದು ಪ್ರತಿ 8 ದಿನಕ್ಕೆ ಅರ್ಧವಾಗುತ್ತದೆ. 64 ದಿನಗಳಲ್ಲಿ ಎಂಟು ಸಲ ಅರ್ಧವಾದರೆ 256ರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇದು ಸೋಂಕು ರೋಗವೂ ಅಲ್ಲ. ಅವರು ಉಂಡ ತಟ್ಟೆ ಇಂದು ಬರೀ ತಟ್ಟೆ. ಮುಂದಿನ ತಪಾಸಣೆಗೆ ಹೋದಾಗ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ, ಅವರ ಎದುರಿಗೇ ವೈದ್ಯರನ್ನು ಕೇಳಿ.

ಬಿಡುಗಡೆಯ ದಿನ ಕೈಗಿತ್ತ ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು, ಯಾರೂ ಬಿಡಿಸಿ ಹೇಳಲಿಲ್ಲ ಎಂದು ಬರೆದಿದ್ದೀರಿ. ಇದನ್ನು ಓದಿ ನನಗೆ ಬಹಳ ಸಂಕಟವಾಯಿತು. ಮಂಡ್ಯದ ಹೆಣ್ಣುಮಗಳೊಬ್ಬಳು ಎರಡು ತಿಂಗಳು ತನ್ನ ಮನೆಯಲ್ಲಿಯೇ ಹೊರಗಿನವಳಾಗಿ ಉಳಿದದ್ದು ವಿಕಿರಣದಿಂದಲ್ಲ, ಕನ್ನಡದಲ್ಲಿ ಹತ್ತು ಸಾಲು ಇಲ್ಲದ್ದರಿಂದ. ಆ ಹತ್ತು ಸಾಲುಗಳನ್ನು ವೈದ್ಯರಿಂದಲೇ ಬರೆಸಿ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ.

ಇನ್ನು ‘ಎಲ್ಲವೂ ಒಂದೇ ತಾನೆ’ ಎಂಬ ಪ್ರಶ್ನೆ. ಇದನ್ನು ಅಜ್ಞಾನವೆಂದು ತಳ್ಳಿಹಾಕುವವರಿದ್ದಾರೆ. ನಾನು ತಳ್ಳಿಹಾಕಲಾರೆ. ಮುಂಬೈನ ಟ್ರಾಂಬೆಯಲ್ಲಿ 1960ರಲ್ಲಿ ಚಾಲನೆಗೊಂಡ ಸೈರಸ್ ಎಂಬ ಪರಮಾಣು ರಿಯಾಕ್ಟರನ್ನು ಕೆನಡಾ ಶಾಂತಿಯುತ ಬಳಕೆಗೆಂದು ನಮಗೆ ಕೊಟ್ಟಿತ್ತು. ಅದು ನಡೆಯಲು ಬೇಕಾದ ವಿಶೇಷ ಬಗೆಯ ನೀರು, ಅಂದರೆ ಭಾರಜಲ, ಬಂದದ್ದು ಅಮೆರಿಕದಿಂದ. ಆಸ್ಪತ್ರೆಗಳಿಗೆ ಬೇಕಾದ ವಿಕಿರಣಶೀಲ ಧಾತುಗಳು (ಐಸೊಟೋಪುಗಳು) ಅಲ್ಲಿ ತಯಾರಾದವು. 1974ರ ಮೇ 18ರಂದು ಪೋಖರಣ್‌ನಲ್ಲಿ ಸ್ಫೋಟಿಸಿದ ಪರಮಾಣು ಸಾಧನದ ಸಿಡಿವಸ್ತುವಾದ ಪ್ಲುಟೋನಿಯಂ ಕೂಡ ಅಲ್ಲಿಯದೇ. ಅದನ್ನು ರೂಪಿಸಿದ ವಿಜ್ಞಾನಿಗಳ ತಂಡದ ಮುಂಚೂಣಿಯಲ್ಲಿದ್ದ ರಾಜಾ ರಾಮಣ್ಣ ನಮ್ಮ ತುಮಕೂರು ಜಿಲ್ಲೆಯಲ್ಲಿ ಹುಟ್ಟಿದವರು. ಒಂದೇ ಒಲೆಯ ಮೇಲೆ ಒಂದು ಕಡೆ ಕಷಾಯ, ಇನ್ನೊಂದು ಕಡೆ ವಿಷ ಕುದಿಯುತ್ತಿತ್ತು ಎಂದರೆ ತಪ್ಪಾಗದು. ನಿಮ್ಮ ಸಿಟ್ಟಿಗೆ ಇಷ್ಟು ಆಧಾರವಿದೆ. ನಮ್ಮ ಲೇಖನ ಈ ಮಗ್ಗುಲನ್ನು ಮುಟ್ಟದೆ ಬಿಟ್ಟದ್ದು ನನ್ನ ಲೋಪ.

ರತ್ನಹಳ್ಳಿಯಲ್ಲೂ ಇದೇ ಕಥೆಯ ಮತ್ತೊಂದು ರೂಪವಿದೆ. ನಿಮ್ಮ ತಂದೆ ಸಕ್ಕರೆ ಕಾರ್ಖಾನೆಯಲ್ಲಿದ್ದವರು ಎಂದಿದ್ದೀರಿ. ಗಿರಗಿರನೆ ಸುತ್ತಿ ಕಾಕಂಬಿಯಿಂದ ಹರಳನ್ನು ಬೇರ್ಪಡಿಸುವ ಯಂತ್ರವನ್ನು ಅವರು ಬಲ್ಲರು. ಇಲವಾಲದ ಬಳಿಯ ಆ ಸ್ಥಾವರದಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ವೇಗವಾಗಿ ಸುತ್ತುವ ಸೆಂಟ್ರಿಫ್ಯೂಜುಗಳು ಅನಿಲರೂಪದ ಯುರೇನಿಯಂ ಸಂಯುಕ್ತವನ್ನು ಸೋಸುತ್ತವೆ. ನೆಲದಿಂದ ತೆಗೆದ ಯುರೇನಿಯಂನ ಸಾವಿರ ಪರಮಾಣುಗಳಲ್ಲಿ ಏಳು ಮಾತ್ರ ಸುಲಭವಾಗಿ ಒಡೆಯುವ 235ರ ಬಗೆಯವು. ಅವನ್ನು ಶೇಕಡ 3ರಿಂದ 5ಕ್ಕೆ ಏರಿಸಿದರೆ ಜಗತ್ತಿನ ಬಹುತೇಕ ವಿದ್ಯುತ್ ರಿಯಾಕ್ಟರುಗಳಿಗೆ ಸಾಕು. ಸುಮಾರು 90ಕ್ಕೆ ಮುಟ್ಟಿಸಿದರೆ ಬಾಂಬು. ಯಂತ್ರ ಅದೇ, ಎಲ್ಲಿ ನಿಲ್ಲಿಸುತ್ತೇವೆ ಎಂಬುದಷ್ಟೇ ಬೇರೆ. ಇಲ್ಲಿಯ ಯುರೇನಿಯಂ ನೌಕಾಪಡೆಯ ಪರಮಾಣು ಜಲಾಂತರ್ಗಾಮಿಗಳ ಇಂಧನಕ್ಕೆ ಎಂದು ಪರಿಣತರು ಬಹುಕಾಲದಿಂದ ಬರೆಯುತ್ತಾ ಬಂದಿದ್ದಾರೆ. ಅಂತರರಾಷ್ಟ್ರೀಯ ತಪಾಸಕರಿಗೆ ಅಲ್ಲಿ ಪ್ರವೇಶವಿಲ್ಲ.

ಅಲ್ಲಿ ಚೆರ್ನೋಬಿಲ್ ಆಗಬಹುದೇ ಎಂದು ಹೆದರಬೇಕಿಲ್ಲ. ಸೆಂಟ್ರಿಫ್ಯೂಜು ರಿಯಾಕ್ಟರ್ ಅಲ್ಲ. ಕೇಳಬೇಕಾದ ಪ್ರಶ್ನೆ ಬೇರೆಯಿದೆ. ಅಲ್ಲಿ ಸೋಸುವ ಆ ಯುರೇನಿಯಂ ಅನಿಲ, ಅಂದರೆ ಯುರೇನಿಯಂ ಹೆಕ್ಸಾಫ್ಲೋರೈಡ್, ಹೊರಗೆ ಸೋರಿ ಗಾಳಿಯ ತೇವಕ್ಕೆ ತಾಗಿದರೆ ಶ್ವಾಸಕೋಶ ಸುಡುವ ಹೈಡ್ರೋಜನ್ ಫ್ಲೋರೈಡ್ ಹುಟ್ಟುತ್ತದೆ. ಇಂತಹ ಯಾವುದೇ ಸ್ಥಾವರದ ಮುಖ್ಯ ಅಪಾಯ ಈ ರಸಾಯನದ್ದು. ಹಾಗೇನಾದರೂ ಆದರೆ ಸುತ್ತಲಿನ ಹಳ್ಳಿಯವರು ಯಾವ ದಿಕ್ಕಿಗೆ ಹೋಗಬೇಕು, ಬಾಗಿಲು ಮುಚ್ಚಿ ಒಳಗಿರಬೇಕೇ ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು. 1962ರ ಅಣುಶಕ್ತಿ ಕಾಯ್ದೆ ಮಾಹಿತಿಯನ್ನು ತಡೆಹಿಡಿಯಲು ಸರ್ಕಾರಕ್ಕೆ ದೊಡ್ಡ ಅಧಿಕಾರ ಕೊಟ್ಟಿತು. 2000ದಲ್ಲಿ, ರತ್ನಹಳ್ಳಿಯನ್ನೂ ನಡೆಸುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಘಟಕಗಳ ಸುರಕ್ಷತಾ ಮೇಲ್ವಿಚಾರಣೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಕೈತಪ್ಪಿ ಆ ಕೇಂದ್ರದೊಳಗಿನ ಸಮಿತಿಗೇ ಹೋಯಿತು. ಪರೀಕ್ಷೆ ಬರೆದವರೇ ಅಂಕ ಹಾಕಿಕೊಳ್ಳುವ ಈ ಏರ್ಪಾಡನ್ನು ನಾನು ಒಪ್ಪುವುದಿಲ್ಲ. ಎಷ್ಟು ಸೆಂಟ್ರಿಫ್ಯೂಜುಗಳಿವೆ ಎಂಬುದು ದೇಶದ ಗುಟ್ಟಾಗಿರಲಿ. ಬೇಲಿಯಾಚೆಯ ಕೆರೆಯ ನೀರಿನಲ್ಲಿ ಏನಿದೆ ಎಂಬುದು ಗುಟ್ಟಾಗಬಾರದು.

ಕೈಗಾ ಬಗ್ಗೆ ನಮ್ಮ ಮೆಚ್ಚುಗೆಯನ್ನು ಹಿಂತೆಗೆದುಕೊಳ್ಳುವುದಿಲ್ಲ. ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಹೊಗೆಯಿಲ್ಲದೆ ವಿದ್ಯುತ್ ಕೊಡುತ್ತಿವೆ. ಮೊದಲ ಘಟಕ 2018ರ ಕೊನೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಬರೆಯಿತು. 1994ರಲ್ಲಿ ನಿರ್ಮಾಣ ಹಂತದಲ್ಲಿದ್ದ ರಿಯಾಕ್ಟರ್ ಕಟ್ಟಡದ ಗುಮ್ಮಟ ಕುಸಿದದ್ದೂ ಅಲ್ಲಿಯೇ. ಎರಡನ್ನೂ ಹೇಳಬೇಕಿತ್ತು.

ಶ್ರೀರಂಗಪಟ್ಟಣದ ಮರಳಗಾಲದ ಬಳಿ ಪರಮಾಣು ಖನಿಜ ನಿರ್ದೇಶನಾಲಯದವರು ಲಿಥಿಯಂ ಕಂಡುಹಿಡಿದದ್ದರಿಂದ ನಿಮ್ಮ ನೆಂಟರು ಗಾಬರಿಯಾಗಿದ್ದಾರಂತೆ. ಲಿಥಿಯಂ ವಿಕಿರಣಶೀಲವಲ್ಲ. ನಿಮ್ಮ ಮೊಬೈಲ್ ಬ್ಯಾಟರಿಯಲ್ಲಿರುವುದೂ ಅದೇ.

ವೈರಮುಡಿಗೆ ಧಾರಾಳವಾಗಿ ಕರೆದೊಯ್ಯಿರಿ. ಆ ಜನಜಂಗುಳಿಯಲ್ಲಿ ಮೊಮ್ಮಗನಿಗೆ ಕಿರೀಟ ಕಾಣಬೇಕಲ್ಲ, ಅಜ್ಜಿಯೇ ಎತ್ತಿಕೊಂಡು ತೋರಿಸಲಿ.

— ಸಂಪಾದಕ