ಕ್ರಿಸ್ಟಲ್ ಎಂಜಿನಿಯರಿಂಗ್ ಅಂದ್ರೆ ಏನು? ಕಾಫಿ ತೋಟದವರಿಗೆ ಅರ್ಥ ಆಗೋ ಹಾಗೆ ಹೇಳ್ತೀರಾ?

ಮಗಳು ಎಂಎಸ್ಸಿ ಪ್ರಾಜೆಕ್ಟಿಗೆ ಈ ವಿಷಯ ತೆಗೆದುಕೊಂಡಿದ್ದಾಳೆ, ಸೋಮವಾರಪೇಟೆಯಲ್ಲಿ ತೋಟ ನೋಡಿಕೊಂಡಿರುವ ನಿಮಗೆ ತಲೆಬುಡ ಗೊತ್ತಾಗುತ್ತಿಲ್ಲ, ಇದರಿಂದ ಏನಾದರೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನಾನು ಮಡಿಕೇರಿಯಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ನಿಮ್ಮ ಕಾಫಿಯಿಂದಲೇ ಶುರು ಮಾಡುತ್ತೇನೆ.

ಕಾಫಿ ಬೀಜದಿಂದ ಕೆಫೀನ್ ಬೇರ್ಪಡಿಸಿದರೆ ಸೂಜಿಯಂಥ ಬಿಳಿ ಹರಳು ಸಿಗುತ್ತದೆ. ಮಾತ್ರೆ ಮಾಡುವವರಿಗೆ ಈ ಹರಳು ಒಂದು ತಲೆನೋವು. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಅದು ನೀರು ಸೇರಿಸಿಕೊಂಡು ಬೇರೆಯದೇ ಹರಳಾಗಿಬಿಡುತ್ತದೆ. ನಮ್ಮ ಕಕ್ಕಡದ ಮಳೆಯಲ್ಲಿ ಅದನ್ನು ತೆರೆದಿಟ್ಟರೆ ಏನಾಗಬಹುದು ಅಂತ ನಿಮಗೆ ಹೇಳಬೇಕಾಗಿಲ್ಲ.

ಯಾಕೆ ಹೀಗೆ? ಕೆಫೀನ್ ಅಣುವಿನ ಒಂದು ಮೂಲೆಯಲ್ಲಿ ಒಂದು ನೈಟ್ರೋಜನ್ ಇದೆ. ಅದು ಯಾವುದಾದರೂ ಹೈಡ್ರೋಜನ್ ಸಿಕ್ಕರೆ ಹಿಡಿಯಲು ತಯಾರು. ಆದರೆ ಹಾಗೆ ಕೊಡುವಂಥ ಹೈಡ್ರೋಜನ್ ಕೆಫೀನಿನಲ್ಲೇ ಇಲ್ಲ. ಆ ಜಾಗಕ್ಕೆ ನೀರು ಬಂದು ಸೇರಿಕೊಳ್ಳುತ್ತದೆ. ಹಾಗಾದರೆ ನೀರಿಗಿಂತ ಮೊದಲೇ ಬೇರೆ ಯಾರನ್ನಾದರೂ ಅಲ್ಲಿ ಕೂರಿಸಿದರೆ? ಕೇಂಬ್ರಿಜ್‌ನ ಸಂಶೋಧಕರು ಇದನ್ನೇ ಮಾಡಿ 2005ರಲ್ಲಿ ಪ್ರಕಟಿಸಿದರು. ಆಕ್ಸಾಲಿಕ್ ಆಮ್ಲಕ್ಕೆ ಎರಡು ಕಡೆಯೂ ಕೊಡುವ ಹೈಡ್ರೋಜನ್ ಇದೆ, ಹಾಗಾಗಿ ಒಂದು ಆಮ್ಲದ ಅಣು ಎರಡು ಕೆಫೀನುಗಳನ್ನು ಹಿಡಿದುಕೊಂಡಿತು. ಆ ಹೊಸ ಹರಳು ವಾರಗಟ್ಟಲೆ ಭಾರೀ ತೇವದಲ್ಲಿಟ್ಟರೂ ಬದಲಾಗಲಿಲ್ಲ. ಇದೇ ಬಳಗದ ಬೇರೆ ಆಮ್ಲಗಳನ್ನೂ ಹಾಕಿ ನೋಡಿದ್ದರು, ಅವು ಇಷ್ಟು ಗಟ್ಟಿಯಾಗಿ ನಿಲ್ಲಲಿಲ್ಲ. ಆಕ್ಸಾಲಿಕ್ ಆಮ್ಲ ಜಾಸ್ತಿಯಾದರೆ ಕಿಡ್ನಿಯಲ್ಲಿ ಕಲ್ಲಾಗಬಹುದು, ಆದ್ದರಿಂದ ಇದನ್ನು ಮಾತ್ರೆ ಅಂತ ನುಂಗುವ ಯೋಚನೆ ಬೇಡ. ಉಪಾಯ ಮಾತ್ರ ಗಮನಿಸಿ. ಕೆಫೀನ್ ಅಣುವನ್ನು ಮುಟ್ಟಿಯೇ ಇಲ್ಲ. ಪಕ್ಕದಲ್ಲಿ ಯಾರು ಕೂರಬೇಕು ಅನ್ನೋದನ್ನಷ್ಟೇ ಬದಲಾಯಿಸಿದ್ದಾರೆ. ಕ್ರಿಸ್ಟಲ್ ಎಂಜಿನಿಯರಿಂಗ್ ಅಂದರೆ ಇದೇ.

ಕೆಲವೊಮ್ಮೆ ಪಕ್ಕದವರೂ ಬೇಡ, ಜೋಡಣೆ ಬದಲಾದರೂ ಸಾಕು. ಮಡಿಕೇರಿಯಲ್ಲಿ ಪ್ರವಾಸಿಗರು ಹೋಮ್‌ಮೇಡ್ ಚಾಕೊಲೇಟ್ ಕೊಂಡು ಕಾರಿನಲ್ಲಿಡುತ್ತಾರೆ. ಅದು ಕರಗಿ ಮತ್ತೆ ಗಟ್ಟಿಯಾದಾಗ ಮೇಲೆ ಬಿಳಿ ಪದರ ಬರುತ್ತದೆ. ಬೂಸ್ಟು ಅಂತ ಎಸೆಯಬೇಡಿ, ಕೋಕೋ ಬೆಣ್ಣೆಯ ಹರಳು ಅಷ್ಟೇ. ಆ ಬೆಣ್ಣೆ ಆರು ಬಗೆಯಾಗಿ ಹರಳುಗಟ್ಟಬಲ್ಲದು. ನಮಗೆ ಬೇಕಾದದ್ದು ಐದನೆಯದು. ಸುಮಾರು 34 ಡಿಗ್ರಿಗೆ, ಅಂದರೆ ಬಾಯಿಯ ಬಿಸಿಗೇ ಕರಗುವುದು ಅದು. ಚಾಕೊಲೇಟನ್ನು ಲೆಕ್ಕವಿಟ್ಟು ಬಿಸಿ ಮಾಡಿ ತಣಿಸುವುದು ಆ ಐದನೆಯದನ್ನು ಬರಿಸಲಿಕ್ಕೆ.

2025ರ ಕೆಮಿಸ್ಟ್ರಿ ನೊಬೆಲ್ ಕೂಡ ಇಂಥ ಕೆಲಸಕ್ಕೇ ಬಂತು. ರಿಚರ್ಡ್ ರಾಬ್ಸನ್, ಸುಸುಮು ಕಿತಾಗಾವಾ, ಒಮರ್ ಯಾಘಿ ಲೋಹದ ಅಯಾನುಗಳನ್ನೂ ಕಾರ್ಬನ್ ಇರುವ ಅಣುಗಳನ್ನೂ ಹೆಣೆದು ಒಳಗೆಲ್ಲ ಟೊಳ್ಳು ಗೂಡುಗಳಿರುವ ಹರಳು ಮಾಡುವ ದಾರಿ ತೋರಿಸಿದರು. ಅಂಥ ಕೆಲವು ಹರಳುಗಳಲ್ಲಿ ಒಂದು ಗ್ರಾಂ ಪುಡಿಯ ಒಳಮೈಯೇ ಸಾವಿರಾರು ಚದರ ಮೀಟರ್. ಮರುಭೂಮಿಯ ಗಾಳಿಯಿಂದಲೂ ನೀರು ಹಿಡಿದಿದ್ದಾರೆ. ಆಗ ಪೇಪರಿನಲ್ಲೆಲ್ಲ ಇದರದ್ದೇ ಸುದ್ದಿ ಇತ್ತು. ನನಗೆ ಮಾತ್ರ ಕೆಫೀನ್ ಕತೆಯೇ ಹೆಚ್ಚು ಇಷ್ಟ.

ಎಲ್ಲವೂ ಅಂದುಕೊಂಡ ಹಾಗೆ ಆಗುತ್ತದೆ ಅಂತಲ್ಲ. ರಿಟೊನಾವಿರ್ ಎಂಬ ಏಡ್ಸ್ ಔಷಧಿ ಮಾರುಕಟ್ಟೆಗೆ ಬಂದ ಮೇಲೆ, 1998ರಲ್ಲಿ, ಯಾರೂ ನೋಡಿರದ ಇನ್ನೊಂದು ರೂಪದಲ್ಲಿ ಹರಳುಗಟ್ಟತೊಡಗಿತು. ಅದು ಸರಿಯಾಗಿ ಕರಗುತ್ತಿರಲಿಲ್ಲ. ಕ್ಯಾಪ್ಸೂಲನ್ನೇ ವಾಪಸ್ ತೆಗೆದುಕೊಳ್ಳಬೇಕಾಯಿತು. ಅಣುವಿನ ಚಿತ್ರ ಕೈಯಲ್ಲಿದ್ದರೂ ಅದರ ಹರಳು ಹೇಗಿರುತ್ತದೆ ಅಂತ ಮೊದಲೇ ಹೇಳುವುದು ಇವತ್ತಿಗೂ ಸುಲಭ ಅಲ್ಲ. ಮಗಳಿಗೆ ಕೆಲಸ ಉಳಿದಿರುವುದೂ ಅಲ್ಲೇ.

ನಮ್ಮ ದೇಶದಲ್ಲಿ ಇದಕ್ಕೆ ಗಟ್ಟಿ ಪರಂಪರೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಗೌತಮ್ ದೇಸಿರಾಜು 1989ರಲ್ಲೇ ಈ ವಿಷಯದ ಮೇಲೆ ಪುಸ್ತಕ ಬರೆದವರು. ಖರ್ಚಿನ ವಿಷಯಕ್ಕೆ ಬಂದರೆ, ಹರಳು ಮಾಡುವುದಕ್ಕೆ ಎಷ್ಟೋ ಸಲ ಒಂದು ಪುಟ್ಟ ಕಲ್ಬತ್ತು, ನಾಲ್ಕು ಹನಿ ದ್ರಾವಕ ಸಾಕು, ಅರೆದರೆ ಆಯಿತು. ಆದರೆ ಒಳಗೆ ಅಣುಗಳು ಹೇಗೆ ಕೂತಿವೆ ಅಂತ ನೋಡಲು ಎಕ್ಸ್‌-ರೇ ಡಿಫ್ರಾಕ್ಷನ್ ಮೆಷಿನ್ ಬೇಕೇ ಬೇಕು. ಅದು ಅವಳ ಕಾಲೇಜಿನಲ್ಲಿದೆಯಾ, ಇಲ್ಲದಿದ್ದರೆ ಸ್ಯಾಂಪಲ್ ಎಲ್ಲಿಗೆ ಕಳಿಸುತ್ತಾರೆ, ಅದರ ದುಡ್ಡು ಯಾರು ಕೊಡುತ್ತಾರೆ ಅಂತ ಗೈಡ್ ಹತ್ತಿರ ಈಗಲೇ ಕೇಳಿಕೊಳ್ಳಲು ಹೇಳಿ.